ಸಣ್ಣ ಮೋಟಾರ್ ದೋಣಿ ಸರಿಯಾಗಿ ಓಡ್ತಿಲ್ವಾ? ಗೋವಾದ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ಇದು 14ರಿಂದ 20 ಅಡಿಯ ಫೈಬರ್ ದೋಣಿ, ಅದರ ಹಿಂದೆ ಒಂದು ಔಟ್‌ಬೋರ್ಡ್ ಇಂಜಿನ್ ಇಟ್ಟುಕೊಂಡವರಿಗೆ. ವಾಸ್ಕೋ, ಜುವಾರಿನಗರ, ಪಣಜಿ ಕಡೆ ಇರುವ ನಮ್ಮ ಕನ್ನಡದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳೇ ಇಲ್ಲಿವೆ. ಕಾರವಾರ, ಅಂಕೋಲದಿಂದ ಬಂದು ಹೋಗುವವರಿಗೂ ಇದೇ ಸಾಕು, ನೀರು ಬೇರೆಯಾದರೂ ಇಂಜಿನ್ ಅದೇ ಅಲ್ವಾ. ಡೀಸೆಲ್ ಟ್ರಾಲರ್, ಜೆಟ್ ಸ್ಕೀ ಬಗ್ಗೆ ಇಲ್ಲಿ ಏನೂ ಇಲ್ಲ.

ದೋಣಿ ಮೊದಲಿನ ಹಾಗೆ ಓಡ್ತಿಲ್ಲ. ಇಂಜಿನ್ ಬಿಚ್ಚಿಸಬೇಕಾ?

ಬೇಡ, ಇನ್ನೂ ಬೇಡ. ಮೊದಲು ಎರಡು ಅಂಕಿ ಬರೆದುಕೊಳ್ಳಿ. ಥ್ರಾಟಲ್ ಪೂರ್ತಿ ಕೊಟ್ಟಾಗ ಇಂಜಿನ್ ಎಷ್ಟು ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಏರುತ್ತದೆ, ಆಗ ಜಿಪಿಎಸ್‌ನಲ್ಲಿ ವೇಗ ಎಷ್ಟು. ಈ ಎರಡು ಇಲ್ಲದೆ ಸ್ಪ್ಯಾನರ್ ಹಿಡಿದರೆ ದುಡ್ಡು ಹೋಗುತ್ತದೆ, ದೋಷ ಅಲ್ಲೇ ಇರುತ್ತದೆ.

ಆರ್‌ಪಿಎಂ ಕಡಿಮೆ, ವೇಗವೂ ಕಡಿಮೆ ಅಂದರೆ ಇಂಜಿನ್‌ಗೆ ಶಕ್ತಿ ಸಾಲುತ್ತಿಲ್ಲ, ಇಲ್ಲವೇ ಅದರ ಮೇಲೆ ಭಾರ ಜಾಸ್ತಿ ಬಿದ್ದಿದೆ. ಆರ್‌ಪಿಎಂ ಜಾಸ್ತಿ, ವೇಗ ಮಾತ್ರ ಕಡಿಮೆ ಅಂದರೆ ಪ್ರೊಪೆಲರ್‌ಗೆ ನೀರಿನ ಹಿಡಿತ ಸಿಗುತ್ತಿಲ್ಲ. ಎರಡೂ ಮೊದಲಿನಷ್ಟೇ ಇದ್ದರೆ ದೋಣಿ ಸರಿಯಾಗಿದೆ, ಪಕ್ಕದವರು ಹೊಸ ದೋಣಿ ತಂದಿದ್ದಾರೆ ಅಷ್ಟೇ. ನಾನು ನೋಡಿದ ಮಟ್ಟಿಗೆ "ಇಂಜಿನ್ ಹೋಯ್ತು" ಅಂತ ಬರುವ ದೂರುಗಳಲ್ಲಿ ಹೆಚ್ಚಿನವು ಇಂಜಿನ್ನಿನ ಒಳಗಿನವಲ್ಲ. ದೋಣಿಯ ತಳದಲ್ಲೋ, ಪೆಟ್ರೋಲ್ ಪೈಪಿನಲ್ಲೋ, ಕೇಬಲ್ಲಿನಲ್ಲೋ ಇರುತ್ತವೆ.

ನನ್ನ ದೋಣಿಗೆ ಟ್ಯಾಕೋಮೀಟರೇ ಇಲ್ಲ. ಏನು ಮಾಡಲಿ?

ಸಣ್ಣ ಟೈನಿ ಟ್ಯಾಕ್ ಥರದ ಮೀಟರ್ ಸಿಗುತ್ತದೆ, ಒಂದು ವೈರನ್ನು ಪ್ಲಗ್ ವೈರಿನ ಮೇಲೆ ನಾಲ್ಕೈದು ಸುತ್ತು ಸುತ್ತಿದರೆ ಆರ್‌ಪಿಎಂ ತೋರಿಸುತ್ತದೆ. ಒಂದು ಸುತ್ತಿಗೆ ಎಷ್ಟು ಕಿಡಿ ಅನ್ನುವ ಸೆಟ್ಟಿಂಗ್ ಸರಿ ಇಡಿ. ತಪ್ಪಾದರೆ ಅಂಕಿ ಅರ್ಧವೋ ಎರಡರಷ್ಟೋ ಬರುತ್ತದೆ. 3000 ತೋರಿಸಿದರೆ ಗಾಬರಿ ಬೀಳುವ ಮೊದಲು ಅದನ್ನು ನೋಡಿ. ಕಿವಿಯಲ್ಲಿ ಕೇಳಿ ಆರ್‌ಪಿಎಂ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ.

ಮಾಂಡವಿಯಲ್ಲಿ ಜಿಪಿಎಸ್ ವೇಗ ಹೋಗುವಾಗ 42, ಬರುವಾಗ 38 ತೋರಿಸುತ್ತದೆ. ಯಾವುದು ಸರಿ?

ಎರಡೂ ಅಲ್ಲ, 40 ಸರಿ. ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಇಲ್ಲಿಗೆ ಬಂದು ಮಾಂಡವಿ ಆಗಿದೆ, ಆದರೆ ಪಣಜಿ ಹತ್ತಿರ ಅದರ ನೀರನ್ನು ಓಡಿಸುವುದು ಸಮುದ್ರ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಸುಮಾರು 2 ಮೀಟರ್‌ನಷ್ಟು ಏರಿಳಿಯುತ್ತದೆ, ಆಗ ಸೆಳೆತವೂ ಜೋರು. ಜಿಪಿಎಸ್ ಹೇಳುವುದು ನೆಲಕ್ಕೆ ಹೋಲಿಸಿದ ವೇಗ, ಅದರಲ್ಲಿ ಸೆಳೆತ ಕೂಡಿಕೊಂಡಿರುತ್ತದೆ ಅಥವಾ ಕಳೆದುಹೋಗಿರುತ್ತದೆ. ಅದಕ್ಕೇ ಒಂದೇ ಜಾಗದಲ್ಲಿ ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯಬೇಕು.

ಅಳೆಯುವುದನ್ನು ಬೆಳಿಗ್ಗೆ ಮಾಡಿ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದು ನೀರು ಕುಲುಕುತ್ತದೆ. ಪಣಜಿಯ ಕ್ಯಾಸಿನೋ ಹಡಗುಗಳ ನಡುವೆ ಪೂರ್ತಿ ಥ್ರಾಟಲ್ ಪರೀಕ್ಷೆ ಬೇಡ. ಅಲ್ಲಿ ಫೆರಿ ಅಡ್ಡ ಬರುತ್ತದೆ, ಪ್ರವಾಸಿ ದೋಣಿಗಳು ಬರುತ್ತವೆ, ಬೈಗುಳವೂ ಬರುತ್ತದೆ. ಜುವಾರಿ ನದಿ ಅಗಲವಾಗಿದೆ, ಅಲ್ಲಿ ಹಡಗಿನ ದಾರಿ ಬಿಟ್ಟು ಮಾಡಿ. ಎಷ್ಟು ಜನ, ಎಷ್ಟು ಲೀಟರ್ ಪೆಟ್ರೋಲ್, ಇಂಜಿನ್ ಟ್ರಿಮ್ (ಇಂಜಿನ್ ಕಾಲು ಒಳಕ್ಕೋ ಹೊರಕ್ಕೋ ಎಷ್ಟು ವಾಲಿದೆ) ಎಲ್ಲಿತ್ತು, ಇದನ್ನೂ ಬರೆದಿಡಿ. ಇಬ್ಬರಿದ್ದಾಗಿನ ಅಂಕಿಯನ್ನು ಐವರಿದ್ದಾಗಿನ ಅಂಕಿಗೆ ಹೋಲಿಸಿ ತಲೆ ಕೆಡಿಸಿಕೊಳ್ಳುವವರು ಬಹಳ.

ಪೂರ್ತಿ ಥ್ರಾಟಲ್‌ನಲ್ಲಿ ಎಷ್ಟು ಆರ್‌ಪಿಎಂ ಬರಬೇಕು?

ನಿಮ್ಮ ಇಂಜಿನ್ ಪುಸ್ತಕದಲ್ಲಿ ಬರೆದಿರುತ್ತದೆ, ಅದೇ ಕೊನೆಯ ಮಾತು. ಸಾಮಾನ್ಯವಾಗಿ ಈ ಅಳತೆಯ ಫೋರ್ ಸ್ಟ್ರೋಕ್‌ಗಳಿಗೆ 5000ದಿಂದ 6000, ಇಲ್ಲಿ ಹೆಚ್ಚು ಕಾಣುವ ಹಳೇ ಮಾದರಿಯ ಟೂ ಸ್ಟ್ರೋಕ್‌ಗಳಿಗೆ 4500ರಿಂದ 5500. ನೀವು ದಿನಾ ಹೊರುವ ಭಾರ ಹೊತ್ತು ಆ ಮಿತಿಯ ಮೇಲಿನ ಅರ್ಧದಲ್ಲಿ ಬರಬೇಕು. ಮಿತಿಯ ಕೆಳಗೇ ನಿಂತರೆ ಇಂಜಿನ್ ಏದುಸಿರು ಬಿಡುತ್ತಾ ಓಡುತ್ತಿದೆ ಎಂದರ್ಥ, ಹಾಗೇ ಓಡಿಸುತ್ತಾ ಹೋದರೆ ಪಿಸ್ಟನ್‌ಗೆ ಏಟು. ಮಿತಿ ದಾಟಿದರೂ ಒಳ್ಳೆಯದಲ್ಲ.

ಆರ್‌ಪಿಎಂ ಏರುತ್ತಲೇ ಇಲ್ಲ. ಯಾವ ಕ್ರಮದಲ್ಲಿ ನೋಡಲಿ?

ಖರ್ಚಿಲ್ಲದ್ದು ಮೊದಲು. ಥ್ರಾಟಲ್ ಕೇಬಲ್, ತಳ, ಭಾರ, ಪೆಟ್ರೋಲ್, ಪ್ಲಗ್. ಇವೆಲ್ಲ ಸರಿ ಇದ್ದರೆ ಮಾತ್ರ ಪ್ರೊಪೆಲರ್ ಪಿಚ್ (ವಿವರ ಮುಂದಿದೆ) ಜಾಸ್ತಿಯಾಯಿತಾ ಅಂತ ಯೋಚಿಸಿ. ಕೊನೆಗೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ.

ಥ್ರಾಟಲ್ ಕೇಬಲ್‌ನಲ್ಲಿ ನೋಡೋದಕ್ಕೆ ಏನಿದೆ?

ಇಂಜಿನ್ ಆಫ್ ಮಾಡಿ, ಮುಚ್ಚಳ ತೆಗೆಯಿರಿ. ಒಬ್ಬರು ಲಿವರನ್ನು ಪೂರ್ತಿ ಮುಂದೆ ತಳ್ಳಲಿ. ಗೇರ್ ಬೀಳದಿದ್ದರೆ ಪ್ರೊಪೆಲರನ್ನು ಕೈಯಲ್ಲಿ ಸ್ವಲ್ಪ ತಿರುಗಿಸಬೇಕಾಗುತ್ತದೆ, ಅದಕ್ಕೆ ಮೊದಲು ಕಿಲ್ ಸ್ವಿಚ್ ದಾರ ಎಳೆದು ಕೈಯಲ್ಲಿಟ್ಟುಕೊಳ್ಳಿ. ಈಗ ಕಾರ್ಬ್ಯುರೇಟರಿನ ಬಾಯಿ ನೋಡಿ. ಒಳಗಿನ ತಟ್ಟೆ ಗಾಳಿಗೆ ಅಡ್ಡ ಬಾರದಂತೆ ಪೂರ್ತಿ ತೆರೆದಿದೆಯಾ, ಮುಕ್ಕಾಲಕ್ಕೇ ನಿಂತಿದೆಯಾ? ಕೇಬಲ್ ಹಿಗ್ಗಿದರೆ, ತುದಿಯ ಹೊಂದಾಣಿಕೆ ಸಡಿಲವಾದರೆ ಲಿವರ್ ಪೂರ್ತಿ ಹೋದರೂ ಕಾರ್ಬ್ಯುರೇಟರ್ ಪೂರ್ತಿ ತೆರೆಯುವುದಿಲ್ಲ. ಎರಡು ಮೂರು ಕಾರ್ಬ್ಯುರೇಟರ್ ಇದ್ದರೆ ಎಲ್ಲವೂ ಒಟ್ಟಿಗೇ ತೆರೆಯಬೇಕು. ಹತ್ತು ನಿಮಿಷದ ಕೆಲಸ ಇದು, ಆದರೂ ಯಾರೂ ಮಾಡುವುದಿಲ್ಲ.

ತಳದಲ್ಲಿ ಸ್ವಲ್ಪ ಪಾಚಿ ಇದೆ. ಅಷ್ಟಕ್ಕೇ ವೇಗ ಇಳಿಯುತ್ತಾ?

ಇಳಿಯುತ್ತದೆ, ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ನಮ್ಮ ಅಳಿವೆಗಳ ನೀರು ವರ್ಷವಿಡೀ ಬೆಚ್ಚಗಿರುತ್ತದೆ. ಚಿಕಲಿಂನಲ್ಲೋ ಶಾಪೋರಾದಲ್ಲೋ ಲಂಗರು ಹಾಕಿ ಬಿಟ್ಟ ದೋಣಿಗೆ ಮೊದಲು ಲೋಳೆ ಹಿಡಿಯುತ್ತದೆ, ಆಮೇಲೆ ಪಾಚಿ, ಆಮೇಲೆ ಬಾರ್ನಕಲ್ ಚಿಪ್ಪು. ಗಟ್ಟಿ ಚಿಪ್ಪು ಕೂತ ಮೇಲೆ ದೋಣಿ ನೀರಿನ ಮೇಲೇಳುವುದೇ (ವೇಗ ಹಿಡಿದು ನೀರಿನ ಮೇಲೆ ಜಾರುತ್ತಾ ಓಡುವುದೇ) ಕಷ್ಟ. ಪ್ರೊಪೆಲರ್ ಎಲೆಯ ಮೇಲೂ ನೋಡಿ, ಅಲ್ಲಿ ನಾಲ್ಕು ಚಿಪ್ಪು ಕೂತರೂ ಸಾಕು ಹಿಡಿತ ತಪ್ಪುತ್ತದೆ.

ಮರಳಿನ ದಡದಲ್ಲಿ ಉಬ್ಬರ ಇದ್ದಾಗ ದೋಣಿ ತಂದು ನಿಲ್ಲಿಸಿ, ಇಳಿತದಲ್ಲಿ ಒಣಗಿದ ಮೇಲೆ ಪ್ಲಾಸ್ಟಿಕ್ ಹೆರಕದಿಂದ ಕೆರೆಯಿರಿ. ನೀರಿಗೆ ಇಳಿದು ಉಜ್ಜುವ ಅಭ್ಯಾಸ ಇದ್ದವರಿಗೆ ಒಂದು ಮಾತು: ಕುಂಬಾರ್ಜುವಾ ಕಾಲುವೆಯಲ್ಲಿ ಮಾತ್ರ ಇಳಿಯಬೇಡಿ, ಅಲ್ಲಿ ಮೊಸಳೆಗಳಿವೆ. ತಮಾಷೆಗೆ ಹೇಳುತ್ತಿಲ್ಲ.

ದೋಣಿ ನೀರಿನಲ್ಲೇ ಇರುವುದಾದರೆ ಪಾಚಿ, ಚಿಪ್ಪು ಹಿಡಿಯದಂತೆ ತಡೆಯುವ ಆಂಟಿಫೌಲಿಂಗ್ ಬಣ್ಣ ಬೇಕು. ತಾಮ್ರ ಇರುವ ಬಣ್ಣವನ್ನು ಇಂಜಿನ್ನಿನ ಅಲ್ಯೂಮಿನಿಯಂ ಕಾಲಿಗೆ ಬಳಿಯಬೇಡಿ, ಉಪ್ಪು ನೀರಿನಲ್ಲಿ ಅಲ್ಯೂಮಿನಿಯಂ ಕರಗಲು ಶುರುವಾಗುತ್ತದೆ. ಸತುವಿನ ಆನೋಡ್ (ತಾನು ಕರಗಿ ಇಂಜಿನ್ ಉಳಿಸುವ ಲೋಹದ ತುಂಡು) ಮೇಲೆ ಯಾವ ಬಣ್ಣವೂ ಬೇಡ.

ದೋಣಿ ಯಾಕೋ ಭಾರ ಅನ್ನಿಸುತ್ತದೆ. ಸಾಮಾನು ಏನೂ ಇಲ್ಲ.

ಸಾಮಾನು ಇಲ್ಲ, ನೀರು ಇದೆ. ಹಲಗೆಯ ಅಡಿ ಐದು ಬಕೆಟ್ ನೀರು ನಿಂತರೆ ಒಬ್ಬ ದಪ್ಪನೆಯ ಮನುಷ್ಯ ಹತ್ತಿ ಕೂತಷ್ಟೇ ಭಾರ. ಅದೂ ಸುಮ್ನೆ ಕೂರುವುದಿಲ್ಲ, ಮೂತಿ ಎತ್ತಿದ ಕೂಡಲೇ ಹಿಂದಕ್ಕೆ ಓಡುತ್ತದೆ, ದೋಣಿ ಇನ್ನಷ್ಟು ಕುಳಿತುಕೊಳ್ಳುತ್ತದೆ. ದಡಕ್ಕೆ ಎಳೆದಾಗ ಬಿರಡೆ ತೆಗೆದು ಪೂರ್ತಿ ಬಸಿಯಲು ಬಿಡಿ.

ಬಸಿದ ಮೇಲೂ ಭಾರ ಇದ್ದರೆ ಒಳಗೆ ತುಂಬಿದ ಫೋಮ್ ನೀರು ಕುಡಿದಿರಬಹುದು. ಹಳೇ ಫೈಬರ್ ದೋಣಿಗಳಲ್ಲಿ ಇದು ಇದ್ದದ್ದೇ. ಟ್ರೇಲರ್ ಸಮೇತ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಹತ್ತಿಸಿ, ಆಮೇಲೆ ಖಾಲಿ ಟ್ರೇಲರ್ ತೂಗಿ ಕಳೆಯಿರಿ. ಮೊದಲಿದ್ದ ತೂಕಕ್ಕಿಂತ ನೂರಾರು ಕಿಲೋ ಜಾಸ್ತಿ ಬಂದರೆ ಪ್ರೊಪೆಲರ್ ಬದಲಿಸಿ ಪ್ರಯೋಜನವಿಲ್ಲ, ಹಲಗೆ ಕೊಯ್ದು ಫೋಮ್ ತೆಗೆಯಬೇಕು. ಬೇಸರದ ಕೆಲಸ.

ಸ್ವಲ್ಪ ದೂರ ಚೆನ್ನಾಗಿ ಓಡಿ ಆಮೇಲೆ ಉಸಿರು ಕಟ್ಟಿದ ಹಾಗೆ ಆಗುತ್ತದೆ. ನಿಲ್ಲಿಸಿ ಶುರು ಮಾಡಿದರೆ ಮತ್ತೆ ಸರಿ!

ಇದು ಪೆಟ್ರೋಲ್ ದಾರಿಯ ದೋಷ. ಹಾಗೆ ಆಗುತ್ತಿರುವಾಗಲೇ ಪೈಪಿನ ನಡುವಿನ ರಬ್ಬರ್ ಬಲ್ಬ್ ಹಿಡಿದು ನೋಡಿ, ಅದೇ ಎಲ್ಲ ಹೇಳುತ್ತದೆ.

ಬಲ್ಬ್ ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗಿದ್ದರೆ ಅಡಚಣೆ ಬಲ್ಬಿನಿಂದ ಟ್ಯಾಂಕಿನ ಕಡೆಗಿದೆ. ಮೊದಲು ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆದಿದೆಯಾ ನೋಡಿ. ಹತ್ತರಲ್ಲಿ ಆರು ಸಲ ಅದೇ ಅಂತ ಎಲ್ಲ ಮೆಕ್ಯಾನಿಕ್‌ಗಳೂ ನಗುತ್ತಾರೆ. ತೆರೆದಿದ್ದರೆ ಟ್ಯಾಂಕಿನೊಳಗಿನ ಜಾಲರಿ, ಪೈಪಿನ ಜೋಡಣೆ, ಒಳಪದರ ಸುಲಿದು ಮುಚ್ಚಿಕೊಂಡ ಹಳೇ ಪೈಪ್.

ಬಲ್ಬ್ ಮೆತ್ತಗಾಗಿದ್ದು, ನೀವು ಒತ್ತಿದ ಕೂಡಲೇ ಇಂಜಿನ್ ಚೇತರಿಸಿಕೊಂಡರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಇಂಜಿನ್ ಮೇಲಿನ ಫ್ಯೂಯೆಲ್ ಪಂಪಿನ ಡಯಾಫ್ರಾಮ್ ಹೋಗಿದೆ. ಬಲ್ಬ್ ಗಟ್ಟಿಯಾಗಿಯೇ ಇದ್ದರೆ ತೊಂದರೆ ಮುಂದೆ, ಫಿಲ್ಟರ್ ಅಥವಾ ಕಾರ್ಬ್ಯುರೇಟರ್ ಜೆಟ್. ಬಲ್ಬಿನ ಮೇಲಿನ ಬಾಣ ಇಂಜಿನ್ ಕಡೆಗಿರಬೇಕು. ಹೊಸದು ಹಾಕುವಾಗ ಉಲ್ಟಾ ಹಾಕಿದವರೂ ಇದ್ದಾರೆ.

ಬಂಕ್‌ನಲ್ಲಿ ಈಗ ಎಲ್ಲ ಇಥನಾಲ್ ಪೆಟ್ರೋಲ್. ದೋಣಿಗೆ ಹಾಕಬಹುದಾ?

ಬೇರೆ ದಾರಿ ಕಡಿಮೆ. ಹೆಚ್ಚಿನ ಔಟ್‌ಬೋರ್ಡ್ ಪುಸ್ತಕಗಳು ಇಥನಾಲ್ 10% ಮೀರಬಾರದು ಅನ್ನುತ್ತವೆ, ಬಂಕ್‌ನಲ್ಲಿ ಸಿಗುವುದು 20% ಬೆರೆಸಿದ್ದು. ವಾರಂಟಿ ಇರುವ ಇಂಜಿನ್ ಆದರೆ ಡೀಲರ್‌ನಿಂದ ಬರಹದಲ್ಲಿ ಕೇಳಿ.

ದೋಣಿಯಲ್ಲಿ ಇದರ ದೊಡ್ಡ ಸಮಸ್ಯೆ ನೀರು. ಇಥನಾಲ್ ಗಾಳಿಯ ತೇವ ಹೀರುತ್ತದೆ. ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಬರವಾ? ಒಂದು ಮಟ್ಟ ದಾಟಿದ ಮೇಲೆ ನೀರು ಮತ್ತು ಇಥನಾಲ್ ಒಟ್ಟಿಗೆ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪೈಪ್ ಎಳೆಯುವುದೂ ತಳದಿಂದಲೇ. ಟೂ ಸ್ಟ್ರೋಕ್ ಇದ್ದವರು ಇನ್ನೂ ಹುಷಾರಾಗಿರಬೇಕು. ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲ್ ಪದರದಲ್ಲೇ ಉಳಿಯುತ್ತದೆ, ಅಂದರೆ ತಳದ ಪದರ ಎಳೆದ ಇಂಜಿನ್‌ಗೆ ಎಣ್ಣೆಯೇ ಸಿಗುವುದಿಲ್ಲ, ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಹಾಗಾಗಿ ಬೇಕಾದಷ್ಟೇ ತನ್ನಿ, ಎರಡು ಮೂರು ವಾರದಲ್ಲಿ ಮುಗಿಸಿ. ಉಳಿದದ್ದನ್ನು ಸ್ಕೂಟರ್‌ಗೆ ಹಾಕಿ, ಎಣ್ಣೆ ಬೆರೆಸಿರದಿದ್ದರೆ. ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಹಾಕಿಸಿ, ಈ ಪಟ್ಟಿಯಲ್ಲಿ ದುಡ್ಡಿಗೆ ಸರಿಯಾದ ಬೆಲೆ ಕೊಡುವ ಸಾಮಾನು ಅದೊಂದೇ. ಅನುಮಾನ ಇದ್ದರೆ ಫಿಲ್ಟರಿನದನ್ನು ಗಾಜಿನ ಬಾಟಲಿಗೆ ಸುರಿದು ಅರ್ಧ ಗಂಟೆ ಇಡಿ. ಎರಡು ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಲೇಬೇಕು.

ಬೈಕಿನ 2ಟಿ ಎಣ್ಣೆ ಹಾಕಿದರೆ ನಡೆಯುತ್ತಾ?

ಬೇಡ. ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರಬೇಕು. ಬೈಕಿನ ಎಣ್ಣೆ ಗಾಳಿಯಿಂದ ತಣಿಯುವ ಇಂಜಿನ್‌ಗೆ ಮಾಡಿದ್ದು, ಅದರಲ್ಲಿ ಬೂದಿ ಬಿಡುವ ಅಂಶ ಇರುತ್ತದೆ, ಔಟ್‌ಬೋರ್ಡ್‌ನಲ್ಲಿ ಪ್ಲಗ್ ಮತ್ತು ರಿಂಗಿಗೆ ಮಸಿ ಕಟ್ಟುತ್ತದೆ. ಪುಸ್ತಕ 50:1 ಅಂದರೆ ಲೀಟರ್‌ಗೆ 20 ಮಿಲಿ. "ಇನ್ನೊಂದು ಸ್ವಲ್ಪ ಇರಲಿ" ಅಂತ ಜಾಸ್ತಿ ಸುರಿದರೆ ಹೊಗೆ ಜಾಸ್ತಿ, ಶಕ್ತಿ ಅಲ್ಲ.

ಪ್ಲಗ್ ನೋಡಿದರೆ ಏನು ತಿಳಿಯುತ್ತದೆ?

ಒಂದು ಸಿಲಿಂಡರ್ ಸತ್ತಿದೆಯಾ ಅನ್ನುವುದು. ಎರಡು ಸಿಲಿಂಡರ್ ಇಂಜಿನ್‌ನಲ್ಲಿ ಒಂದು ಕೆಲಸ ಮಾಡದಿದ್ದರೂ ದಕ್ಕೆಯ ಹತ್ತಿರ ಟುಕುಟುಕು ಅಂತ ಓಡುತ್ತಲೇ ಇರುತ್ತದೆ, ದೋಣಿ ಮೇಲೇಳುವುದಿಲ್ಲ ಅಷ್ಟೇ. ಪೂರ್ತಿ ಥ್ರಾಟಲ್ ಓಡಿಸಿ ಅಲ್ಲೇ ಇಂಜಿನ್ ನಿಲ್ಲಿಸಿ ಪ್ಲಗ್ ತೆಗೆಯಿರಿ. ಒಂದು ಕಂದು, ಇನ್ನೊಂದು ಒದ್ದೆ ಕಪ್ಪು ಇದ್ದರೆ ಆ ಒದ್ದೆಯದೇ ಕಳ್ಳ. ಓಡುವ ಇಂಜಿನ್‌ನಲ್ಲಿ ಪ್ಲಗ್ ವೈರನ್ನು ಕೈಯಿಂದ ಎಳೆದು ನೋಡುವ ಪದ್ಧತಿ ಬಿಡಿ, ಶಾಕ್ ಹೊಡೆಯುವುದರ ಜೊತೆ ಸಿಡಿಐ (ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕೂಡ ಸುಟ್ಟೀತು. ಸ್ಪಾರ್ಕ್ ಟೆಸ್ಟರ್ ಅಗ್ಗ.

ಇಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗಲ್ಲ. ಯಾಕೆ?

ಮೂರು ಕಾರಣ ಇರಬಹುದು. ಪ್ರೊಪೆಲರ್‌ಗೆ ಪ್ಲಾಸ್ಟಿಕ್ ಚೀಲವೋ ಬಲೆಯ ತುಂಡೋ ಸುತ್ತಿದೆ. ಇಂಜಿನ್ ಮೇಲಕ್ಕೆ ಎತ್ತಿ (ಟಿಲ್ಟ್ ಮಾಡಿ) ನೋಡಿದರೆ ಗೊತ್ತಾಗುತ್ತದೆ. ಬಲೆಯ ನೂಲು ಸಿಕ್ಕಿದ್ದರೆ ಸುಮ್ನೆ ಕತ್ತರಿಸಿ ಹೋಗಬೇಡಿ, ಪ್ರೊಪೆಲರ್ ಬಿಚ್ಚಿ ಶಾಫ್ಟಿನ ಸೀಲ್ ಹತ್ತಿರ ನೋಡಿ. ಅಲ್ಲಿ ಸೇರಿಕೊಂಡ ನೂಲು ಸೀಲ್ ಕೊಯ್ಯುತ್ತದೆ, ಗೇರ್ ಎಣ್ಣೆಗೆ ನೀರು ಸೇರುತ್ತದೆ.

ಎರಡನೆಯದು, ಒಳಗಿನ ರಬ್ಬರ್ ಹಬ್ ಜಾರುತ್ತಿದೆ. ಕಲ್ಲಿಗೋ ಮರಳಿಗೋ ಒಮ್ಮೆ ಬಡಿದ ಪ್ರೊಪೆಲರ್‌ಗೆ ಹೀಗಾಗುತ್ತದೆ. ಒಳಗಿನ ಲೋಹದ ಕೊಳವೆಯಿಂದ ಹೊರಗಿನ ಪ್ರೊಪೆಲರ್‌ವರೆಗೆ ಪೇಂಟ್‌ನಲ್ಲಿ ಒಂದು ನೇರ ಗೆರೆ ಎಳೆಯಿರಿ, ಜೋರಾಗಿ ಓಡಿಸಿ ಬಂದು ನೋಡಿ. ಗೆರೆ ಮುರಿದಿದ್ದರೆ ಹಬ್ ಹೋಗಿದೆ. ನಿಧಾನಕ್ಕೆ ಓಡಿಸಿದರೆ ಮನೆಗೆ ತಲುಪುತ್ತೀರಿ.

ಮೂರನೆಯದು ಗಾಳಿ ಎಳೆಯುವುದು.

ಗಾಳಿ ಎಳೆಯುವುದು ಅಂದರೆ ಕ್ಯಾವಿಟೇಶನ್ನೇ ಅಲ್ವಾ?

ಅಲ್ಲ, ಎಲ್ಲರೂ ಹಾಗೇ ಕರೆಯುತ್ತಾರೆ ಅಷ್ಟೇ. ನೀರಿನ ಮೇಲ್ಭಾಗದ ಗಾಳಿ ಅಥವಾ ಸೈಲೆನ್ಸರ್ ಹೊಗೆ ಎಲೆಗಳಿಗೆ ಸಿಕ್ಕಿ ಹಿಡಿತ ತಪ್ಪುವುದು ವೆಂಟಿಲೇಶನ್. ತಿರುವಿನಲ್ಲಿ, ಅಲೆ ಹಾರುವಾಗ, ಇಂಜಿನ್ ಎತ್ತರದಲ್ಲಿ ಕೂತಿದ್ದರೆ ಆಗುತ್ತದೆ. ಕ್ಯಾವಿಟೇಶನ್ ಅಂದರೆ ಎಲೆಯ ಮೇಲೆ ಒತ್ತಡ ತೀರಾ ಇಳಿದು ನೀರೇ ಆವಿಯಾಗಿ ಗುಳ್ಳೆ ಏಳುವುದು. ಆ ಗುಳ್ಳೆಗಳು ಒಡೆಯುವಾಗ ಲೋಹವನ್ನೇ ತಿನ್ನುತ್ತವೆ. ಎಲೆಯ ಮೇಲೆ ಬಣ್ಣ ಹೋಗಿ ಸಣ್ಣ ಗುಳಿಗಳು ಕಂಡರೆ ಎಲೆಯ ಅಂಚು ಮುರಿದಿದೆಯಾ, ಬಾಗಿದೆಯಾ ನೋಡಿ. ಹಲ್ಲು ಮುರಿದ ಅಂಚಿನಿಂದಲೇ ಅದು ಶುರುವಾಗುವುದು.

ಇಂಜಿನ್ ಎಷ್ಟು ಎತ್ತರದಲ್ಲಿ ಕೂರಬೇಕು?

ಪ್ರೊಪೆಲರ್ ಮೇಲೆ ಒಂದು ಅಗಲ ತಟ್ಟೆ ಇದೆಯಲ್ಲ, ಅದು ದೋಣಿಯ ತಳದ ಮಟ್ಟಕ್ಕೆ ಬರಬೇಕು. ಒಂದು ಇಂಚು ಆಚೆ ಈಚೆ ಪರವಾಗಿಲ್ಲ. ತೀರಾ ಕೆಳಗಿದ್ದರೆ ಇಂಜಿನ್ ಕಾಲು ನೀರಿನಲ್ಲಿ ಎಳೆಯುತ್ತದೆ, ಹಿಂದೆ ನೀರು ಚಿಮ್ಮಿ ದೋಣಿಯೊಳಗೇ ಬೀಳುತ್ತದೆ. ತೀರಾ ಮೇಲಿದ್ದರೆ ತಿರುವಿನಲ್ಲಿ ಹಿಡಿತ ತಪ್ಪುತ್ತದೆ.

ಸೆಕೆಂಡ್ ಹ್ಯಾಂಡ್ ಇಂಜಿನ್ ಕೊಳ್ಳುವವರು ಇದನ್ನು ಮೊದಲೇ ನೋಡಬೇಕು. ಶಾರ್ಟ್ ಶಾಫ್ಟ್ 15 ಇಂಚಿನ ಹಿಂಬದಿ ಹಲಗೆಗೆ, ಲಾಂಗ್ ಶಾಫ್ಟ್ 20 ಇಂಚಿಗೆ. ಅಗ್ಗಕ್ಕೆ ಸಿಕ್ಕಿತು ಅಂತ ಲಾಂಗ್ ಶಾಫ್ಟನ್ನು ಸಣ್ಣ ಹಲಗೆಗೆ ಸಿಕ್ಕಿಸಿದರೆ ಐದು ಇಂಚು ಸುಮ್ನೆ ನೀರಿನಲ್ಲಿ ನೇತಾಡುತ್ತದೆ, ಸಾಲ್ ನದಿಯ ಬಾಯಲ್ಲಿ ಮೊದಲು ಮರಳಿಗೆ ತಾಗುವುದೂ ನಿಮ್ಮದೇ.

ಎತ್ತರ ಬದಲಿಸುವಾಗ ಒಂದೊಂದೇ ತೂತು ಬದಲಿಸಿ, ಪ್ರತಿ ಸಲ ಅಂಕಿ ಬರೆಯಿರಿ, ತಣಿಸುವ ನೀರು ಬರುತ್ತಿದೆಯಾ ನೋಡಿ.

ಪ್ರೊಪೆಲರ್ ಬದಲಿಸಬೇಕು ಅಂತಿದ್ದೇನೆ. ಯಾವ ಪಿಚ್?

ಮೇಲಿನದೆಲ್ಲ ನೋಡಿ ಆಯ್ತಾ? ಆಗಿದ್ದರೆ ಮಾತ್ರ ಮುಂದೆ ಓದಿ.

ಪ್ರೊಪೆಲರ್ ಮೇಲೆ ಎರಡು ಅಂಕಿ ಇರುತ್ತವೆ, ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಪಿಚ್ ಅಂದರೆ ಜಾರದೆ ಒಂದು ಸುತ್ತು ತಿರುಗಿದರೆ ಎಷ್ಟು ಮುಂದೆ ಹೋಗುತ್ತದೆ ಅನ್ನುವ ಲೆಕ್ಕ. ಪಿಚ್ ಒಂದು ಇಂಚು ಇಳಿಸಿದರೆ ಪೂರ್ತಿ ಥ್ರಾಟಲ್‌ನಲ್ಲಿ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ, ಏರಿಸಿದರೆ ಅಷ್ಟೇ ಇಳಿಯುತ್ತದೆ. ನಿಮ್ಮದು 4700ಕ್ಕೆ ನಿಂತಿದೆ, 5100 ಬೇಕು ಅಂದರೆ ಎರಡು ಇಂಚು ಕಡಿಮೆ ಪಿಚ್ ಕೇಳಿ. ಜಾಸ್ತಿ ಪಿಚ್ ಹಾಕಿದರೆ ಜಾಸ್ತಿ ವೇಗ ಅನ್ನುವ ನಂಬಿಕೆ ಇದೆಯಲ್ಲ, ಅದು ಇಂಜಿನ್ ಆ ಆರ್‌ಪಿಎಂ ಮುಟ್ಟಿದರೆ ಮಾತ್ರ ನಿಜ. ಮುಟ್ಟದಿದ್ದರೆ ವೇಗವೂ ಇಲ್ಲ, ಏಳುವ ಶಕ್ತಿಯೂ ಇಲ್ಲ.

ಜಾರುವಿಕೆ, ಅಂದರೆ ಲೆಕ್ಕದ ವೇಗಕ್ಕಿಂತ ನಿಜವಾದ ವೇಗ ಎಷ್ಟು ಕಡಿಮೆ ಅನ್ನುವುದು, ಲೆಕ್ಕ ಹಾಕಿ ನೋಡಿ, ಕಷ್ಟ ಇಲ್ಲ. ಆರ್‌ಪಿಎಂ ಅನ್ನು ಗೇರ್ ಅನುಪಾತದಿಂದ (ಪ್ರೊಪೆಲರಿನ ಒಂದು ಸುತ್ತಿಗೆ ಇಂಜಿನ್ ಎಷ್ಟು ಸುತ್ತು) ಭಾಗಿಸಿ, ಪಿಚ್‌ನಿಂದ ಗುಣಿಸಿ, 0.001524ರಿಂದ ಗುಣಿಸಿ, ಗಂಟೆಗೆ ಕಿಲೋಮೀಟರ್ ಸಿಗುತ್ತದೆ. 5200 ಆರ್‌ಪಿಎಂ, ಅನುಪಾತ 2, ಪಿಚ್ 13 ಇದ್ದರೆ ಲೆಕ್ಕದ ವೇಗ 51.5. ಜಿಪಿಎಸ್ ಸರಾಸರಿ 43 ಬಂದರೆ ಜಾರುವಿಕೆ ಸುಮಾರು 16.5%. ಹಗುರ ದೋಣಿಗೆ 10ರಿಂದ 20% ಸಹಜ. 30% ದಾಟಿದರೆ ಇಂಜಿನ್ ಎತ್ತರ, ಹಬ್, ಎಲೆಯ ಅಂಚು, ತಳದ ಭಾರ ಮತ್ತೆ ನೋಡಿ. ಸೊನ್ನೆಗಿಂತ ಕಡಿಮೆ ಬಂದರೆ ಯಾವುದೋ ಅಂಕಿ ತಪ್ಪು.

ಸ್ಟೀಲ್ ಒಳ್ಳೆಯದಾ, ಅಲ್ಯೂಮಿನಿಯಮ್ಮಾ?

ಸ್ಟೀಲ್ ಎಲೆ ತೆಳುವಾಗಿರುತ್ತದೆ, ಬಾಗುವುದಿಲ್ಲ, ವೇಗವೂ ಸ್ವಲ್ಪ ಜಾಸ್ತಿ. ಆದರೆ ಗೋವಾದ ಅಳಿವೆಗಳಲ್ಲಿ ಮರಳದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. ಬಡಿದಾಗ ಅಲ್ಯೂಮಿನಿಯಂ ಎಲೆ ತಾನು ಬಾಗಿ ಏಟು ತಿನ್ನುತ್ತದೆ, ಸ್ಟೀಲ್ ಆ ಏಟನ್ನು ಗೇರ್‌ಗೆ ದಾಟಿಸುವ ಸಾಧ್ಯತೆ ಜಾಸ್ತಿ. 40 ಎಚ್‌ಪಿ ಒಳಗಿನವರಿಗೆ ನನ್ನ ಸಲಹೆ: ಎರಡು ಅಲ್ಯೂಮಿನಿಯಂ, ಒಂದು ಇಂಜಿನ್‌ನಲ್ಲಿ, ಒಂದು ದೋಣಿಯಲ್ಲಿ. ಜೊತೆಗೆ ಪಿನ್, ನಟ್, ಸ್ಪ್ಯಾನರ್.

ವೇಗ ಹೆಚ್ಚಿಸಿದರೆ ಮೂತಿ ಮೇಲೆ ಕೆಳಗೆ ಕುಣಿಯುತ್ತದೆ. ಹೆಂಗಸರು ಮಕ್ಕಳು ಹೆದರುತ್ತಾರೆ.

ಮೊದಲು ಇಂಜಿನ್ನಿನ ಟ್ರಿಮ್ ಒಳಕ್ಕೆ ತನ್ನಿ. ಪವರ್ ಟ್ರಿಮ್ ಇಲ್ಲದಿದ್ದರೆ ಬ್ರಾಕೆಟ್‌ನಲ್ಲಿರುವ ಪಿನ್ ಒಂದು ತೂತು ಒಳಗೆ ಹಾಕಿ. ಹಿಂದಿನ ಭಾರ ಮುಂದಕ್ಕೆ ತನ್ನಿ, ಪೆಟ್ರೋಲ್ ಟ್ಯಾಂಕು, ಬ್ಯಾಟರಿ, ಐಸ್ ಡಬ್ಬ, ಲಂಗರು ಎಲ್ಲ ಹಿಂದೆಯೇ ತುಂಬಿರುತ್ತವೆ. ಹೆಚ್ಚಿನ ದೋಣಿಗಳು ಇಷ್ಟಕ್ಕೇ ಸುಮ್ಮನಾಗುತ್ತವೆ.

ಆಗಲಿಲ್ಲ ಅಂದರೆ ತಳ ನೋಡಿ. ಹಿಂದಿನ ಐದಾರು ಅಡಿಗೆ ಉದ್ದಕ್ಕೆ ಒಂದು ನೇರ ಪಟ್ಟಿ ಹಿಡಿಯಿರಿ. ಮಧ್ಯ ಹೊಟ್ಟೆ ಉಬ್ಬಿದ್ದರೆ ದೋಣಿ ಕುಣಿಯುತ್ತದೆ. ಒಳಕ್ಕೆ ಬಗ್ಗಿದ್ದರೆ ಮೂತಿ ಕೆಳಗೆ ಒತ್ತಿ ವೇಗ ತಿನ್ನುತ್ತದೆ. ದೋಣಿಯನ್ನು ಮಳೆಗಾಲವಿಡೀ ಎರಡೇ ಟೈರ್ ಮೇಲೆ ಕೂರಿಸಿಟ್ಟರೆ ಫೈಬರ್ ಹೀಗೆ ಬಗ್ಗುತ್ತದೆ. ಇದಕ್ಕೆ ಫೈಬರ್ ಕೆಲಸದವರೇ ಬೇಕು.

ಐದು ಜನ ಹತ್ತಿದರೆ ಮೂತಿ ಆಕಾಶ ನೋಡುತ್ತದೆ, ದೋಣಿ ಏಳುವುದೇ ಇಲ್ಲ.

ಇಂಜಿನ್ ಪೂರ್ತಿ ಒಳಕ್ಕೆ ಟ್ರಿಮ್ ಮಾಡಿ ಹೊರಡಿ, ಇಬ್ಬರನ್ನು ಮುಂದೆ ಕೂರಿಸಿ, ಎದ್ದ ಮೇಲೆ ಟ್ರಿಮ್ ನಿಧಾನಕ್ಕೆ ಹೊರಗೆ ಬಿಡಿ. ದಿನಾ ಅಷ್ಟೇ ಜನ ಹೊರುವುದಾದರೆ ಪಿಚ್ ಇಳಿಸಿ, ಅಥವಾ ನಾಲ್ಕು ಎಲೆಯ ಪ್ರೊಪೆಲರ್ ನೋಡಿ. ಅದರಲ್ಲಿ ಗರಿಷ್ಠ ವೇಗ ಸ್ವಲ್ಪ ಕಡಿಮೆ, ಏಳುವುದು ಸುಲಭ. ಇಂಜಿನ್ ತಟ್ಟೆಗೆ ಸಿಕ್ಕಿಸುವ ಪ್ಲಾಸ್ಟಿಕ್ ರೆಕ್ಕೆ ಹಿಂಭಾಗ ಎತ್ತುವುದು ನಿಜ, ಆದರೆ ಭಾರ ಸರಿಯಾಗಿ ಹಂಚದೆ ಅದನ್ನು ಹಾಕುವುದು ಔಷಧಿ ತಿಂದು ಪಥ್ಯ ಬಿಟ್ಟ ಹಾಗೆ.

ಸ್ಟಿಯರಿಂಗ್ ಒಂದೇ ಕಡೆ ಎಳೆಯುತ್ತದೆ.

ಪ್ರೊಪೆಲರ್ ಮೇಲಿನ ಅಗಲ ತಟ್ಟೆಯ ಅಡಿಯಲ್ಲಿ ಸಣ್ಣ ಬಾಲದಂಥ ಟ್ಯಾಬ್ ಇದೆ. ಬಲಕ್ಕೆ ಎಳೆದರೆ ಅದರ ಹಿಂತುದಿಯನ್ನು ಸ್ವಲ್ಪ ಬಲಕ್ಕೆ, ಎಡಕ್ಕೆ ಎಳೆದರೆ ಎಡಕ್ಕೆ ತಿರುಗಿಸಿ ಬಿಗಿ ಮಾಡಿ. ಸ್ವಲ್ಪ ಅಂದರೆ ಸ್ವಲ್ಪ.

ಓಡುತ್ತಾ ಇದ್ದಂತೆ ಬೀಪ್ ಹೊಡೆದು ವೇಗ ತಾನೇ ಇಳಿಯಿತು. ಕೆಟ್ಟುಹೋಯ್ತಾ?

ಕೆಡಬಾರದು ಅಂತಲೇ ಅದು ಇಳಿಸಿಕೊಂಡಿದೆ. ಬಿಸಿ ಜಾಸ್ತಿಯಾದರೆ ಅಥವಾ ಎಣ್ಣೆ ಒತ್ತಡ ಇಳಿದರೆ ಹೆಚ್ಚಿನ ಇಂಜಿನ್‌ಗಳು ಆರ್‌ಪಿಎಂ ಕಟ್ಟಿಹಾಕುತ್ತವೆ. ನಿಲ್ಲಿಸಿ, ಟಿಲ್ಟ್ ಮಾಡಿ, ನೀರು ಒಳಹೋಗುವ ಜಾಲರಿಗೆ ಪ್ಲಾಸ್ಟಿಕ್ ಅಂಟಿದೆಯಾ ನೋಡಿ. ಪಕ್ಕದಿಂದ ಚಿಮ್ಮುವ ನೀರು ನಿಂತಿದ್ದರೆ ಆ ತೂತಿಗೆ ತೆಳುವಾದ ತಂತಿ ಹಾಕಿ, ಕೆಲವು ಸಲ ಅಲ್ಲೇ ಕೆಸರು ಕಟ್ಟಿರುತ್ತದೆ. ಆಗಲೂ ನೀರು ಬರಲಿಲ್ಲ ಅಂದರೆ ನೀರಿನ ಪಂಪಿನ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್ ನೋಡಿ. ಮರಳು ಕಲಕುವ ಕಡೆ ಓಡಿಸುವವರು ಅದನ್ನು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಥರ್ಮೋಸ್ಟಾಟ್‌ನಲ್ಲಿ ಉಪ್ಪು ಕಟ್ಟುವುದೂ ಇದೆ, ಅದಕ್ಕೇ ಪ್ರತಿ ಸಲ ಸಿಹಿನೀರಿನಲ್ಲಿ ಹತ್ತು ನಿಮಿಷ ಫ್ಲಶ್ ಮಾಡಿ ಅಂತ ಹೇಳುವುದು.

ಸುಮ್ನೆ ದೊಡ್ಡ ಇಂಜಿನ್ ಹಾಕಿಬಿಟ್ಟರೆ?

ದೋಣಿ ಕಟ್ಟಿದವರು ಹೇಳಿದ ಗರಿಷ್ಠ ಎಚ್‌ಪಿ ದಾಟಬೇಡಿ. ಹಿಂಬದಿ ಹಲಗೆ ಸೀಳುತ್ತದೆ, ತಿರುವಿನಲ್ಲಿ ಮಗುಚುತ್ತದೆ. ಜೊತೆಗೆ ಗೋವಾದಲ್ಲಿ ದೋಣಿ ನೋಂದಣಿ ನೋಡುವುದು ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆ, ಇಂಜಿನ್ ಬದಲಿಸುವ ಮೊದಲು ಅಲ್ಲಿ ವಿಚಾರಿಸಿ. ಇರುವ ಇಂಜಿನ್ ತನ್ನ ಪೂರ್ತಿ ಆರ್‌ಪಿಎಂ ಮುಟ್ಟುತ್ತಿಲ್ಲ ಅಂದರೆ, ನೀವು ದುಡ್ಡು ಕೊಟ್ಟ ಎಚ್‌ಪಿಯೇ ಇನ್ನೂ ನಿಮಗೆ ಸಿಕ್ಕಿಲ್ಲ.

ಪೆಟ್ರೋಲ್ ಕುಡಿಯುತ್ತದೆ. ಉಳಿಸೋದು ಹೇಗೆ?

ಫೋರ್ ಸ್ಟ್ರೋಕ್ ಪೂರ್ತಿ ಥ್ರಾಟಲ್‌ನಲ್ಲಿ 40 ಎಚ್‌ಪಿಗೆ ಗಂಟೆಗೆ ಸುಮಾರು 15 ಲೀಟರ್ ಅಂತ ಅಂದಾಜು, ಕಾರ್ಬ್ಯುರೇಟರ್ ಟೂ ಸ್ಟ್ರೋಕ್ ಇನ್ನೂ ಜಾಸ್ತಿ. ಎಲ್ಲಕ್ಕಿಂತ ದಂಡದ ವೇಗ ಅಂದರೆ ಮೂತಿ ಎತ್ತಿಕೊಂಡು ಅರ್ಧ ಏಳುವ, ಅರ್ಧ ಮುಳುಗುವ ವೇಗ. ಒಂದೋ ಪೂರ್ತಿ ಎಬ್ಬಿಸಿ 4000 ಸುತ್ತಮುತ್ತ ಇಳಿಸಿ ಓಡಿಸಿ, ಇಲ್ಲವೇ ತೀರಾ ನಿಧಾನಕ್ಕೆ ಹೋಗಿ.

ಮೇ ತಿಂಗಳಲ್ಲಿ ಜನವರಿಯಷ್ಟು ಓಡಲ್ಲ. ಭ್ರಮೆನಾ?

ಭ್ರಮೆ ಅಲ್ಲ. ಸೆಕೆಯ, ತೇವದ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ಶಕ್ತಿ ಕೆಲವು ಶೇಕಡಾ ಇಳಿಯುತ್ತದೆ. ಅದಕ್ಕಾಗಿ ಏನನ್ನೂ ಬಿಚ್ಚಬೇಡಿ.

ಮಳೆಗಾಲ ಮುಗಿದ ಮೇಲೆ ತೆಗೆದರೆ ಸ್ಟಾರ್ಟೇ ಆಗಲ್ಲ, ಸ್ಟಾರ್ಟ್ ಆದರೂ ಎಳೆಯಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಕಡಲೂ ಒರಟು, ಹಾಗಾಗಿ ನಮ್ಮ ಸಣ್ಣ ದೋಣಿಗಳೂ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲೇ. ಅಷ್ಟು ತಿಂಗಳು ಕಾರ್ಬ್ಯುರೇಟರ್‌ನಲ್ಲಿ ನಿಂತ ಪೆಟ್ರೋಲ್ ಅಂಟಾಗಿ ಜೆಟ್ ಮುಚ್ಚುತ್ತದೆ. ಮೇ ಕೊನೆಯಲ್ಲಿ ಫ್ಲಶ್ ಮಾಡುವಾಗಲೇ ಪೆಟ್ರೋಲ್ ಪೈಪ್ ಕಿತ್ತು, ತಾನೇ ನಿಲ್ಲುವ ತನಕ ಓಡಿಸಿಟ್ಟಿದ್ದರೆ ಈ ಗೋಳು ಅರ್ಧ ಕಡಿಮೆ. ಈಗ ಹಳೇ ಪೆಟ್ರೋಲ್ ಪೂರ್ತಿ ಬಿಸಾಡಿ, ಫಿಲ್ಟರ್ ಮತ್ತು ಪ್ಲಗ್ ಹೊಸದು ಹಾಕಿ, ಟ್ಯಾಂಕಿನ ಗಾಳಿ ತೂತಿನಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿದೆಯಾ ನೋಡಿ.

ಎಲ್ಲ ಮಾಡಿದೆ, ಆಗಲಿಲ್ಲ. ಮೆಕ್ಯಾನಿಕ್ ಹತ್ತಿರ ಏನು ಕೇಳಲಿ?

ಬರೆದಿಟ್ಟ ಅಂಕಿಗಳನ್ನು ತೋರಿಸಿ, ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಒಂದೊಂದು ಸಿಲಿಂಡರ್ ಎಷ್ಟು ಅನ್ನುವುದಕ್ಕಿಂತ ಅವುಗಳ ನಡುವಿನ ವ್ಯತ್ಯಾಸ ಮುಖ್ಯ, 10% ಒಳಗಿದ್ದರೆ ಇಂಜಿನ್ ಬಿಚ್ಚುವ ಮಾತು ಬೇಡ ಅನ್ನಿ. ಗೇರ್ ಎಣ್ಣೆಯನ್ನು ನಿಮ್ಮೆದುರೇ ಇಳಿಸಲು ಹೇಳಿ. ಹಾಲಿನ ಬಣ್ಣ ಬಂದರೆ ಸೀಲ್ ಹೋಗಿದೆ, ಹೊಸ ಎಣ್ಣೆ ತುಂಬುವ ಮೊದಲೇ ಅದನ್ನು ಬದಲಿಸಬೇಕು. ಆಯಸ್ಕಾಂತದ ತಿರುಪಿನ ತುದಿಯಲ್ಲಿ ನುಣ್ಣನೆ ಪುಡಿ ಇದ್ದರೆ ಚಿಂತೆ ಇಲ್ಲ, ಲೋಹದ ಚೂರು ಇದ್ದರೆ ಗೇರ್ ಪೆಟ್ಟಿಗೆ ಬಿಚ್ಚಿಸಿ, ಅಲ್ಲಿವರೆಗೆ ದೋಣಿ ನೀರಿಗೆ ಇಳಿಸಬೇಡಿ.